ಕೂಸನ್ನು ಒಪ್ಪಿಸುವ ಮುನ್ನ

ಸಮುದ್ರದಾಚೆಯ ದೇಶಗಳಲ್ಲಿ ಮಕ್ಕಳು ಮನೆಮಾಡಿಕೊಂಡಿರುವ ಕುಟುಂಬಗಳು ನಮ್ಮ ನಾಡಿನಲ್ಲಿ ಈಗ ಬೀದಿಗೊಂದಾದರೂ ಉಂಟು. ಅಂಥ ಮನೆಗಳಲ್ಲಿ ಮಗಳಿಗೋ ಸೊಸೆಗೋ ಹೆರಿಗೆಯಾಗುವ ಕಾಲ ಬಂದಿತೆಂದರೆ, ಹಿರಿಯರು ಬಾಣಂತಿಯ ಮದ್ದುಗಳನ್ನೂ ಹಳೆಯ ಸೀರೆಯ ಮೆತ್ತನೆಯ ತುಂಡುಗಳನ್ನೂ ಗಂಟುಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೋ ಟೆಕ್ಸಾಸಿಗೋ ವಿಮಾನ ಹತ್ತುತ್ತಾರೆ. ಅಲ್ಲಿ ಉಳಿಯುವುದಕ್ಕೆ ಸಾಮಾನ್ಯವಾಗಿ ದೊರೆಯುವುದು ಆರು ತಿಂಗಳ ಅನುಮತಿ. ಆ ಅವಧಿ ತೀರುವ ಹೊತ್ತಿಗೆ ಕೂಸು ಬೋರಲು ಬಿದ್ದು ತೆವಳಲು ತೊಡಗಿರುತ್ತದೆ. ತಾಯಿಯ ರಜೆಯಂತೂ ಅದಕ್ಕೆ ಮೊದಲೇ ಮುಗಿದಿರುತ್ತದೆ. ಅಮೆರಿಕದ ೧೯೯೩ನೆಯ ಇಸವಿಯ ಕಾನೂನು ದೊಡ್ಡ ಸಂಸ್ಥೆಗಳ ನೌಕರರಿಗೆ ಕೊಟ್ಟಿರುವುದು ೧೨ ವಾರಗಳ ರಜೆ, ಅದೂ ಸಂಬಳವಿಲ್ಲದೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಅದಕ್ಕೆ ಸ್ವಲ್ಪ ಸಂಬಳವನ್ನು ಸೇರಿಸಿವೆ, ಅಷ್ಟೆ. ಹಿರಿಯರು ಹಿಂದಿರುಗಿದ ಮೇಲೆ ಹಗಲೆಲ್ಲ ಆ ಕೂಸನ್ನು ನೋಡಿಕೊಳ್ಳತಕ್ಕವರು ಯಾರು? ಅಲ್ಲಿಯ ಉತ್ತರ ಒಂದೇ: ಡೇಕೇರ್, ಎಂದರೆ ಹಗಲಿನ ಶಿಶುಪಾಲನ ಗೃಹ.

ಈ ಗೃಹಗಳ ವಿಷಯದಲ್ಲಿ ನಮ್ಮವರಲ್ಲಿ ಎರಡು ಬಗೆಯ ಅಭಿಪ್ರಾಯಗಳನ್ನು ಕೇಳುತ್ತೇವೆ. ಹೆತ್ತ ಮಗುವನ್ನು ಅನ್ಯರ ಕೈಗೆ ಒಪ್ಪಿಸುವುದೇ ಅಧರ್ಮವೆಂಬುದು ಹಿರಿಯರ ಮಾತು. ಸರಕಾರದ ಲೈಸೆನ್ಸು ಇರುವಾಗ ಭಯವೇತಕ್ಕೆ ಎಂಬುದು ಕಿರಿಯರ ಮಾತು. ಎರಡನ್ನೂ ನಾವು ಒಪ್ಪಲಾರೆವು. ಯಶೋದೆಯ ಮಡಿಲಲ್ಲಿ ಬೆಳೆದ ಬಾಲಕನ ಕಥೆಯನ್ನು ಹೇಳುತ್ತ ಮಕ್ಕಳನ್ನು ಮಲಗಿಸುವ ನಾವು, ಪರರ ಕೈಯ ಲಾಲನೆಯೆಲ್ಲ ಕೆಟ್ಟದ್ದೆಂದು ಹೇಳುವುದು ಸಲ್ಲದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ದಾದಿಯು ಹೇಗಿರಬೇಕೆಂಬುದಕ್ಕೆ ದೀರ್ಘವಾದ ಲಕ್ಷಣಗಳೇ ಉಂಟು. ದಾದಿಯರನ್ನು ನೇಮಿಸುವ ರೂಢಿಯೇ ಇರದಿದ್ದರೆ ಆಚಾರ್ಯರು ಅಷ್ಟು ಶ್ರಮಪಡುತ್ತಿರಲಿಲ್ಲ. ಆದರೆ ಪರೀಕ್ಷಿಸದೆ ಒಪ್ಪಿಸುವುದನ್ನು ಯಾವ ಆಚಾರ್ಯರೂ ಹೇಳಿಲ್ಲ. ಲೈಸೆನ್ಸೆಂಬುದು ಆ ಪರೀಕ್ಷೆಗೆ ಆರಂಭವೇ ಹೊರತು ಮುಕ್ತಾಯವಲ್ಲ.

ಕ್ಯಾಲಿಫೋರ್ನಿಯಾ ರಾಜ್ಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಮ್ಮ ಮಗನ ಸಂಸಾರವಿರುವುದು ಅಲ್ಲಿ. ಕನ್ನಡದ ಕುಟುಂಬಗಳು ಗುಂಪಾಗಿ ನೆಲಸಿರುವುದೂ ಆ ರಾಜ್ಯದಲ್ಲಿಯೇ. ಇಂಥ ಗೃಹಗಳ ಕಥೆ ಅಲ್ಲಿ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋಗಲು, ಹಡಗು ಕಟ್ಟುವ ಕೆಲಸಕ್ಕೆ ಹೆಂಗಸರು ಸಾವಿರಾರು ಮಂದಿ ಬಂದರು. ಅವರ ಮಕ್ಕಳಿಗಾಗಿ ರಿಚ್ಮಂಡ್ ಪಟ್ಟಣದ ಕೈಸರ್ ಹಡಗುಕಟ್ಟೆಯ ಬಳಿ ೧೯೪೩ರಲ್ಲಿ ಶಿಶುಗೃಹವನ್ನು ತೆರೆಯಲಾಯಿತು. ಯುದ್ಧ ತೀರಿದ ಮೇಲೆ ೧೯೪೬ರಲ್ಲಿ ಕೇಂದ್ರ ಸರಕಾರವು ಹಣವನ್ನು ನಿಲ್ಲಿಸಿತು. ಬಹುತೇಕ ರಾಜ್ಯಗಳಲ್ಲಿ ಇಂಥ ಗೃಹಗಳು ಮುಚ್ಚಿಹೋದವು. ಕ್ಯಾಲಿಫೋರ್ನಿಯಾ ಮಾತ್ರ ತನ್ನ ಬೊಕ್ಕಸದಿಂದ ಅವನ್ನು ನಡೆಸಿಕೊಂಡು ಬಂದಿತು. ೧೯೮೪ರಲ್ಲಿ ಅಲ್ಲಿ ಹಗಲಿನ ಶಿಶುಪಾಲನೆಗೆಂದೇ ಪ್ರತ್ಯೇಕವಾದ ಶಾಸನವಾಯಿತು. ಈಗ ಲೈಸೆನ್ಸು ಕೊಡುವುದೂ, ತನಿಖೆ ಮಾಡುವುದೂ, ತಪ್ಪಿದವರಿಗೆ ದಂಡ ವಿಧಿಸುವುದೂ ರಾಜ್ಯದ ಒಂದು ಇಲಾಖೆಯ ಕೆಲಸ.

ಆ ಲೈಸೆನ್ಸಿನ ಒಳಗೆ ಏನಿದೆ? ಮೊದಲನೆಯದು ಎಣಿಕೆ. ಎರಡು ವರ್ಷದೊಳಗಿನ ಕೂಸುಗಳಾದರೆ ನಾಲ್ಕಕ್ಕೆ ಒಬ್ಬ ಶಿಕ್ಷಕಿ ಇರತಕ್ಕದ್ದು. ಅದಕ್ಕಿಂತ ದೊಡ್ಡ, ಶಾಲೆಗೆ ಸೇರದ ಮಕ್ಕಳಾದರೆ ಹನ್ನೆರಡಕ್ಕೆ ಒಬ್ಬರು. ಎರಡನೆಯದು ಸ್ಥಳ. ಒಳಗೆ ಮಗುವೊಂದಕ್ಕೆ ೩೫ ಚದರಡಿ, ಹೊರಗೆ ಆಟದ ಅಂಗಳದಲ್ಲಿ ೭೫ ಚದರಡಿ. ಅಂಗಳದ ಸುತ್ತ ನಾಲ್ಕು ಅಡಿಗೆ ಕಡಮೆಯಿಲ್ಲದ ಬೇಲಿ. ಕೆಲಸಕ್ಕೆ ಬರುವವರೆಲ್ಲರ ಬೆರಳಚ್ಚನ್ನು ತೆಗೆದು ಪೊಲೀಸ್ ದಾಖಲೆಗಳೊಡನೆ ಹೋಲಿಸಿ ನೋಡುತ್ತಾರೆ. ೨೦೧೬ರಿಂದ ದಡಾರ, ನಾಯಿಕೆಮ್ಮುಗಳ ಚುಚ್ಚುಮದ್ದು ಅವರಿಗೂ ಕಡ್ಡಾಯ. ೨೦೧೦ಕ್ಕೆ ಮುಂಚೆ ಕಟ್ಟಿದ ಕಟ್ಟಡವಾದರೆ ಕುಡಿಯುವ ನೀರಿನಲ್ಲಿ ಸೀಸವಿದೆಯೇ ಎಂದು ಪರೀಕ್ಷಿಸಬೇಕು. ಭೂಕಂಪದ ಸೀಮೆಯಾದುದರಿಂದ ಆರು ತಿಂಗಳಿಗೊಮ್ಮೆಯಾದರೂ ಆಪತ್ತಿನ ಕವಾಯತು ನಡೆಯಬೇಕು. ಎತ್ತರವಾದ ಬೀರುಗಳು ಗೋಡೆಗೆ ಮೊಳೆಹೊಡೆದು ಬಿಗಿದಿವೆಯೇ ಎಂಬುದನ್ನು ನೋಡಲು ಬರುವವರು ತಾವೇ ಕೈಯಿಟ್ಟು ಅಲುಗಿಸಿ ನೋಡಬಹುದು. ಇವೆಲ್ಲ ಕಾಗದದ ಮೇಲಿರುವ ನಿಯಮಗಳು. ಕಾಗದಕ್ಕೂ ಕೋಣೆಗೂ ನಡುವೆ ಎಷ್ಟು ಅಂತರವಿದೆಯೆಂಬುದೇ ತಾಯಿತಂದೆಗಳು ಅಳೆಯತಕ್ಕ ವಿಷಯ.

ಕಳೆದ ಸಲ ನಾವು ಅಲ್ಲಿದ್ದಾಗ, ಎಂಟು ತಿಂಗಳ ಮೊಮ್ಮಗಳಿಗಾಗಿ ಮಗ, ಸೊಸೆಯರೊಡನೆ ನಾಲ್ಕು ಗೃಹಗಳನ್ನು ನೋಡಿ ಬಂದೆವು. ಅವುಗಳಲ್ಲಿ ಒಂದು ಬಹು ಅಂದವಾದುದು. ಬಾಗಿಲಲ್ಲಿ ಬಣ್ಣದ ಮೀನುಗಳ ದೊಡ್ಡ ಗಾಜಿನ ತೊಟ್ಟಿ, ನೆಲದಲ್ಲಿ ಧೂಳಿನ ಸುಳಿವಿಲ್ಲ, ಗೋಡೆಯ ಮೇಲೆ ಕಟ್ಟುಹಾಕಿಸಿದ ಲೈಸೆನ್ಸು. ವ್ಯವಸ್ಥಾಪಕಿಯು ಪಾಠಕ್ರಮದ ವಿಚಾರವಾಗಿ ಅರ್ಧ ಗಂಟೆ ಮಾತನಾಡಿದರು. ಎಂಟು ತಿಂಗಳ ಕೂಸಿಗೆ ಪಾಠಕ್ರಮವೇನೆಂದು ನಮಗೆ ತಿಳಿಯಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಹಾಜರಿ ಕರೆದ ಅಭ್ಯಾಸದಿಂದ ನಾವು ಸುಮ್ಮನೆ ತಲೆಗಳನ್ನು ಎಣಿಸುತ್ತಿದ್ದೆವು. ಕೂಸುಗಳು ಒಂಬತ್ತು, ನೋಡಿಕೊಳ್ಳುವವರು ಇಬ್ಬರು. ಮೂರನೆಯವರೆಲ್ಲಿ ಎಂದು ಸೊಸೆ ಕೇಳಲು, ಊಟಕ್ಕೆ ಹೋಗಿದ್ದಾರೆ ಎಂದರು. ನಿಯಮದ ಎಣಿಕೆ ಊಟದ ಹೊತ್ತಿಗೂ ಅನ್ವಯಿಸುತ್ತದೆ. ಒಬ್ಬಾಕೆ ಒಂದು ಕೂಸಿಗೆ ಬಟ್ಟೆ ಬದಲಿಸುತ್ತಿರುವಾಗ, ಉಳಿದ ಎಂಟನ್ನು ಒಬ್ಬಳೇ ಕಾಯುತ್ತಿದ್ದಳು. ಆ ಎಂಟರಲ್ಲಿ ಒಂದು ಮೂಲೆಯ ತೊಟ್ಟಿಲಲ್ಲಿ ಅತ್ತು ಅತ್ತು, ಕಡೆಗೆ ಅಳುವುದನ್ನೇ ಬಿಟ್ಟು ಚಾವಣಿಯನ್ನು ನೋಡುತ್ತ ಮಲಗಿಬಿಟ್ಟಿತು. ಅಳುವ ಮಗುವಿಗಿಂತ ಅಳುವುದನ್ನು ಬಿಟ್ಟ ಮಗು ನಮ್ಮನ್ನು ಹೆಚ್ಚು ಕಳವಳಗೊಳಿಸಿತು.

ಮತ್ತೊಂದು ಗೃಹ ಹಳೆಯದು. ಕಂಬಳಿಯಂಥ ನೆಲಹಾಸು ಸವೆದಿತ್ತು; ಮೀನಿನ ತೊಟ್ಟಿ ಇರಲಿಲ್ಲ. ಅಲ್ಲಿಯ ನಡುವಯಸ್ಸಿನ ಶಿಕ್ಷಕಿ ಒಂದು ಕೂಸನ್ನು ಎತ್ತಿಕೊಳ್ಳುವ ಮುನ್ನ ಮಂಡಿಯೂರಿ, ಅದರ ಹೆಸರು ಹಿಡಿದು, ಈಗ ನಿನ್ನನ್ನು ಎತ್ತಿಕೊಳ್ಳುತ್ತೇನೆ ಎಂದು ಹೇಳಿ, ಅದು ಕೈಚಾಚುವವರೆಗೆ ಕಾದಳು. ನೋಡುವವರಿಗಾಗಿ ಮಾಡಿದ ಅಭಿನಯವಲ್ಲ ಅದು. ನಾವು ಬಂದುದನ್ನು ಆಕೆ ಗಮನಿಸಿಯೇ ಇರಲಿಲ್ಲ. ಎಷ್ಟು ವರ್ಷದಿಂದ ಇಲ್ಲಿದ್ದೀರೆಂದು ಕೇಳಿದರೆ ಹನ್ನೊಂದು ವರ್ಷವೆಂದಳು. ಈ ಪ್ರಶ್ನೆಯನ್ನು ಎಲ್ಲೆಡೆಯೂ ತಪ್ಪದೆ ಕೇಳಬೇಕು. ಅಲ್ಲಿ ಈ ಕೆಲಸಕ್ಕೆ ಸಂಬಳ ಕಡಮೆ. ಆದುದರಿಂದ ಕೆಲಸದವರು ಮೇಲಿಂದ ಮೇಲೆ ಬದಲಾಗುತ್ತಾರೆ. ಕೂಸಿಗೆ ಬೇಕಾದುದು ದಿನವೂ ಕಾಣುವ ಅದೇ ಮುಖ, ಅದೇ ದನಿ. ಆರು ತಿಂಗಳಿಗೊಮ್ಮೆ ದಾದಿ ಬದಲಾಗುವ ಕೋಣೆಯಲ್ಲಿ ಆಟಿಕೆಗಳು ಎಷ್ಟಿದ್ದರೇನು?

ಮುಂಚಿತವಾಗಿ ಹೇಳಿ ಹೋಗುವ ಭೇಟಿಯಿಂದ ಅರ್ಧ ಸತ್ಯ ತಿಳಿಯುತ್ತದೆ. ಆ ರಾಜ್ಯದಲ್ಲಿ ಮಗುವನ್ನು ಸೇರಿಸಿದ ತಾಯಿತಂದೆಗಳು ಗೃಹವು ತೆರೆದಿರುವ ಯಾವ ಹೊತ್ತಿನಲ್ಲಾದರೂ ಹೇಳದೆ ಒಳಹೊಕ್ಕು ನೋಡುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಈಗ ಬೇಡ, ಮಕ್ಕಳು ಮಲಗಿವೆ ಎಂದು ಬಾಗಿಲಲ್ಲೇ ತಡೆಯುವ ಗೃಹದ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದುದಿಲ್ಲ. ನೋಡುವುದಕ್ಕೆ ತಕ್ಕ ಹೊತ್ತುಗಳೆಂದರೆ ಮಧ್ಯಾಹ್ನದ ಊಟದ ಸಮಯ ಮತ್ತು ಸಂಜೆ ಮುಚ್ಚುವುದಕ್ಕೆ ಮುಂಚಿನ ಒಂದು ಗಂಟೆ. ಎಣಿಕೆ ತಪ್ಪುವುದೂ, ತಾಳ್ಮೆ ತಪ್ಪುವುದೂ ಆಗಲೇ.

ಮನೆಯಲ್ಲಿ ಕುಳಿತು ಮಾಡಬಹುದಾದ ಪರೀಕ್ಷೆಯೂ ಒಂದುಂಟು. ಪ್ರತಿಯೊಂದು ಗೃಹದ ತನಿಖೆಯ ವರದಿಗಳನ್ನು ಇಲಾಖೆಯು ತನ್ನ ಜಾಲತಾಣದಲ್ಲಿ ಎಲ್ಲರೂ ಓದುವಂತೆ ಇಟ್ಟಿದೆ. ಅಲ್ಲಿ ತಪ್ಪುಗಳನ್ನು ಎರಡಾಗಿ ವಿಂಗಡಿಸಿದ್ದಾರೆ: ಮಗುವಿನ ಕ್ಷೇಮಕ್ಕೆ ಆ ಕ್ಷಣವೇ ಅಪಾಯವನ್ನು ತರುವಂಥದು ‘ಎ’ ವರ್ಗ, ಸರಿಪಡಿಸದಿದ್ದರೆ ಮುಂದೆ ಅಪಾಯವಾಗಬಹುದಾದುದು ‘ಬಿ’ ವರ್ಗ. ಇವನ್ನು ಓದುವುದಕ್ಕೆ ಸ್ವಲ್ಪ ವಿವೇಕ ಬೇಕು. ಯಾರದೋ ಚುಚ್ಚುಮದ್ದಿನ ಕಾಗದ ಕಡತದಲ್ಲಿರಲಿಲ್ಲವೆಂಬ ಐದು ‘ಬಿ’ಗಳಿಗಿಂತ, ಮಗುವೊಂದು ಅಂಗಳದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದುಹೋಯಿತೆಂಬ ಒಂದು ‘ಎ’ ಹೆಚ್ಚಿನದು. ಅದೇ ತಪ್ಪು ಎರಡನೆಯ ವರ್ಷವೂ ಬಂದಿದ್ದರೆ ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಒಂದು ಸೂಕ್ಷ್ಮವನ್ನು ಮಾತ್ರ ಮರೆಯಬಾರದು. ಮಗುವಿಗೆ ಪೆಟ್ಟಾದರೆ ಗೃಹದವರೇ ಇಲಾಖೆಗೆ ತಿಳಿಸಬೇಕೆಂದು ನಿಯಮವಿದೆ. ಹೀಗೆ ತಾವಾಗಿ ತಿಳಿಸಿದ ಕಾರಣದಿಂದಲೇ ಕೆಲವರ ವರದಿಯಲ್ಲಿ ಕಪ್ಪುಚುಕ್ಕೆ ಬಿದ್ದಿರುತ್ತದೆ. ಪ್ರಾಮಾಣಿಕತೆಯ ಈ ಕಲೆಯನ್ನು ಅಲಕ್ಷ್ಯದ ಕಲೆಯೆಂದು ತಿಳಿಯುವುದು ಅನ್ಯಾಯ. ಇಪ್ಪತ್ತು ವರ್ಷ ನಡೆದೂ ಒಂದು ಗೀಚೂ ಇಲ್ಲದ ವರದಿಯನ್ನು ಕಂಡರೆ ನಮಗೆ, ಶಾಲೆಯಲ್ಲಿ ಒಂದು ದಿನವೂ ಹಾಜರಿ ತಪ್ಪದ ಪುಸ್ತಕವನ್ನು ಕಂಡಾಗ ಹುಟ್ಟುತ್ತಿದ್ದ ಸಂದೇಹವೇ ಹುಟ್ಟುತ್ತದೆ.

ಈ ನಿಯಮಗಳನ್ನು ಓದುತ್ತಿರುವಾಗ ನಮಗೆ ಆಶ್ಚರ್ಯವನ್ನೂ ಸಂತೋಷವನ್ನೂ ಉಂಟುಮಾಡಿದ ಸಂಗತಿಯೊಂದನ್ನು ಇಲ್ಲಿ ಹೇಳದೆ ಇರಲಾರೆವು. ಚರಕರು ಮೇಲೆ ಹೇಳಿದ ಭಾಗದಲ್ಲಿಯೇ ಕುಮಾರಾಗಾರವನ್ನು, ಎಂದರೆ ಮಗುವಿನ ಮನೆಯನ್ನು, ವರ್ಣಿಸಿದ್ದಾರೆ. ಅದು ಗಟ್ಟಿಯಾಗಿರಬೇಕು, ಕತ್ತಲೆ ಇರಕೂಡದು, ಇಲಿ, ಹುಳುಹುಪ್ಪಟೆ, ಕಚ್ಚುವ ಪ್ರಾಣಿಗಳು ಸೇರಬಾರದು, ನೀರಿನ ಸ್ಥಳ, ಮಲಮೂತ್ರದ ಸ್ಥಳ, ಸ್ನಾನದ ಸ್ಥಳ, ಅಡಿಗೆಯ ಸ್ಥಳ ಇವೆಲ್ಲ ಬೇರೆ ಬೇರೆಯಾಗಿ ವಿಂಗಡವಾಗಿರಬೇಕು. ಇಂದಿನ ತನಿಖಾಧಿಕಾರಿಯು ಮೊದಲು ನೋಡುವುದೂ ಇದನ್ನೇ: ಕೂಸಿನ ಬಟ್ಟೆ ಬದಲಿಸುವ ಮೇಜು ಆಹಾರದ ಸ್ಥಳದಿಂದ ದೂರವಿದೆಯೇ, ಅದರ ಪಕ್ಕದಲ್ಲಿಯೇ ಕೈತೊಳೆಯುವ ತೊಟ್ಟಿ ಇದೆಯೇ ಎಂದು. ಆಟಿಕೆಗಳ ಮಾತಿನಲ್ಲಂತೂ ಆಚಾರ್ಯರ ಸೂಕ್ಷ್ಮದೃಷ್ಟಿ ಇನ್ನೂ ಹೆಚ್ಚಿನದು. ಅವು ಬಣ್ಣಬಣ್ಣವಾಗಿ, ಶಬ್ದ ಮಾಡುವಂಥವಾಗಿ, ಹಗುರವಾಗಿ ಇರಬೇಕು, ತುದಿ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಹೆದರಿಸುವಂತಿರಬಾರದು. ಬಾಯೊಳಗೆ ಹೋಗದಿರಬೇಕೆಂಬ ಆ ಒಂದು ವಿಶೇಷಣಕ್ಕೆ ಅಮೆರಿಕದವರು ಒಂದು ಅಳತೆಯನ್ನೇ ಮಾಡಿಟ್ಟಿದ್ದಾರೆ: ಒಂದೂಕಾಲು ಅಂಗುಲ ಅಗಲದ ಒಂದು ಸಣ್ಣ ಕೊಳವೆ. ಅದರೊಳಗೆ ಪೂರ್ಣವಾಗಿ ಇಳಿಯುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನವರ ಆಟಿಕೆಯೆಂದು ಮಾರಕೂಡದು. ನೋಡಲು ಹೋದವರು ಕೊಳವೆಯನ್ನು ಕೊಂಡೊಯ್ಯಬೇಕಾದುದಿಲ್ಲ. ನೆಲದ ಮೇಲೆ ಮಗುವಿನ ಎತ್ತರಕ್ಕೆ ಕುಳಿತು ಸುತ್ತಲೂ ನೋಡಿದರೆ ಸಾಕು. ಅತ್ತರೆ, ಉಣ್ಣದಿದ್ದರೆ, ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಮಗುವನ್ನು ಹೆದರಿಸಬಾರದೆಂಬುದನ್ನೂ ಚರಕರು ಅಲ್ಲಿಯೇ ಸೇರಿಸಿದ್ದಾರೆ. ಗುಮ್ಮನನ್ನು ಕರೆಯುವ ನಮ್ಮ ಅಜ್ಜಿಯರು ಇದನ್ನು ಗಮನಿಸಬೇಕು.

ಕೂಸನ್ನು ಮಲಗಿಸುವ ವಿಷಯದಲ್ಲಿ ನಮ್ಮ ಮನೆಗಳಿಗೂ ಆ ಗೃಹಗಳಿಗೂ ಮನಸ್ತಾಪ ಬರುವುದುಂಟು. ಕಾರಣವೇ ತಿಳಿಯದೆ ನಿದ್ರೆಯಲ್ಲಿಯೇ ಕೂಸುಗಳು ಸಾಯುವ ಪ್ರಸಂಗಗಳು ಅಲ್ಲಿ ಹಿಂದೆ ಬಹಳವಾಗಿದ್ದವು. ಬೋರಲು ಮಲಗಿಸುವುದರಿಂದ ಅಪಾಯ ಹೆಚ್ಚುತ್ತದೆಂದು ಕಂಡುಬರಲು, ೧೯೯೪ರಿಂದ ಕೂಸುಗಳನ್ನು ಅಂಗಾತವಾಗಿಯೇ ಮಲಗಿಸಬೇಕೆಂಬ ಪ್ರಚಾರ ದೇಶದಾದ್ಯಂತ ನಡೆಯಿತು. ಅಂಥ ಸಾವುಗಳು ಮುಂದಿನ ವರ್ಷಗಳಲ್ಲಿ ಅರ್ಧದಷ್ಟು ಇಳಿದವು. ಆದುದರಿಂದ ಲೈಸೆನ್ಸು ಪಡೆದ ಗೃಹದಲ್ಲಿ ಒಂದು ವರ್ಷದೊಳಗಿನ ಕೂಸನ್ನು ಅಂಗಾತವಾಗಿ, ಬರಿಯ ಬಿಗಿಯಾದ ಹಾಸಿಗೆಯ ಮೇಲೆ ಮಲಗಿಸುತ್ತಾರೆ. ದಿಂಬಿಲ್ಲ, ಹೊದಿಕೆಯಿಲ್ಲ, ಬೊಂಬೆಯಿಲ್ಲ. ಕ್ಯಾಲಿಫೋರ್ನಿಯಾದ ೨೦೨೦ರ ನಿಯಮಗಳ ಪ್ರಕಾರ ತಲೆಗೆ ಕುಲಾವಿ ಹಾಕುವಂತಿಲ್ಲ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವಂತಿಲ್ಲ. ಮಲಗಿರುವ ಕೂಸನ್ನು ೧೫ ನಿಮಿಷಕ್ಕೊಮ್ಮೆ ನೋಡಿ ಬರೆದಿಡಬೇಕು. ಬರಿದಾದ ಆ ತೊಟ್ಟಿಲನ್ನು ಕಂಡು ನಮ್ಮ ಮನೆಯವರ ಕಣ್ಣಲ್ಲಿ ನೀರು ಬಂದಿತು. ಹಳೆಯ ಸೀರೆಯ ಮೆತ್ತೆಯಲ್ಲಿ ಮಕ್ಕಳನ್ನು ಸಾಕಿದವರಿಗೆ ಅದು ಅನಾಥಾಲಯದಂತೆ ಕಾಣುವುದು ಸಹಜವೇ. ಆದರೂ ಇಲ್ಲಿ ನಾವು ಗೃಹದವರ ಪಕ್ಷ. ನಿದ್ರೆಯ ಪುಸ್ತಕವನ್ನು ತೋರಿಸಿರೆಂದು ಕೇಳುವುದು ಬಹು ಒಳ್ಳೆಯ ಪರೀಕ್ಷೆ. ಮಧ್ಯಾಹ್ನ ಎರಡು ಗಂಟೆಗೆ ಹೋದಾಗ ನಾಲ್ಕು ಗಂಟೆಯವರೆಗಿನ ಕಾಲಂಗಳು ಆಗಲೇ ತುಂಬಿದ್ದರೆ ಆ ಗೃಹದ ವಿಚಾರ ತಿಳಿದಂತೆಯೇ.

ಕಾಡಿಗೆ, ಕರಿಮಣಿಯ ಸರ, ಕೈಯ ಬಳೆಗಳ ವಿಷಯವೂ ಹೀಗೆಯೇ. ಕೆಲವು ಬಗೆಯ ಕಾಡಿಗೆಯಲ್ಲಿ ಸೀಸವಿರುವುದು ಪರೀಕ್ಷೆಗಳಿಂದ ತಿಳಿದಿದೆ. ಕೊರಳಿನ ಸರ ಎಲ್ಲಿಯಾದರೂ ಸಿಕ್ಕಿಕೊಂಡರೆ ಉರುಳಾಗುತ್ತದೆ. ಶಿಕ್ಷಕಿಯು ಇವನ್ನು ತೆಗೆಯಿರೆಂದರೆ ಅದು ನಮ್ಮ ಸಂಪ್ರದಾಯದ ತಿರಸ್ಕಾರವಲ್ಲ. ದೃಷ್ಟಿಬೊಟ್ಟನ್ನು ಸಂಜೆ ಮನೆಗೆ ಬಂದ ಮೇಲೆ ಇಟ್ಟರಾಯಿತು.

ಆಹಾರದಲ್ಲಿ ಮಾತ್ರ ನಾವು ಬಿಟ್ಟುಕೊಡಬೇಕಾದುದಿಲ್ಲ. ಶಾಕಾಹಾರವೆಂದರೆ ಮೊಟ್ಟೆಯೂ ಇಲ್ಲವೆಂಬುದನ್ನು ಬರೆದು ಕೊಡಬೇಕು. ಅವರು ಬರೆದುದನ್ನು ಪಾಲಿಸುತ್ತಾರೆ, ಬಾಯಿಮಾತನ್ನು ಮರೆಯುತ್ತಾರೆ. ಉಣ್ಣುವಾಗ ಒಬ್ಬರು ಎದುರು ಕುಳಿತಿರುತ್ತಾರೆಯೇ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡುತ್ತಾರೆಯೇ, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕೆಂಬ ಶಿಕ್ಷಣ ಆ ಹೊತ್ತಿನಲ್ಲಿ ಕೋಣೆಯಲ್ಲಿರುವವರಿಗೇ ಆಗಿದೆಯೇ, ಕಚೇರಿಯಲ್ಲಿರುವ ವ್ಯವಸ್ಥಾಪಕಿಗೆ ಮಾತ್ರವೇ ಎಂಬುದನ್ನು ವಿಚಾರಿಸಬೇಕು.

ದೊಡ್ಡ ಗೃಹಗಳಲ್ಲದೆ, ತಮ್ಮ ಸ್ವಂತ ಮನೆಯಲ್ಲಿಯೇ ಕೆಲವು ಮಕ್ಕಳನ್ನು ನೋಡಿಕೊಳ್ಳುವವರಿಗೂ ಅಲ್ಲಿ ಲೈಸೆನ್ಸು ಉಂಟು. ಚಿಕ್ಕ ಮನೆಗೆ ಎಂಟು ಮಕ್ಕಳು ಮಿತಿ, ದೊಡ್ಡದಕ್ಕೆ ಹದಿನಾಲ್ಕು. ನಮ್ಮ ದೇಶದ ಹೆಂಗಸರು ಹಲವರು ಈ ಕೆಲಸವನ್ನು ಮಾಡುತ್ತಾರೆ. ಕೂಸಿಗೆ ಅನ್ನ ಸಾರು, ಒಂದೆರಡು ಪರಿಚಿತವಾದ ಮಾತು ದೊರೆಯುವುದೆಂದು ತಾಯಂದಿರು ಇದನ್ನು ಬಯಸುವುದು ಸಹಜ. ಆದರೆ ನಮ್ಮವರೆಂಬ ದಾಕ್ಷಿಣ್ಯದಿಂದ ಪರೀಕ್ಷೆಯನ್ನು ಸಡಿಲಿಸುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಮನೆಯಲ್ಲಿ ಹಗಲು ಯಾರುಯಾರು ಇರುತ್ತಾರೆ, ಪ್ರಾಯಕ್ಕೆ ಬಂದವರೆಲ್ಲರ ಬೆರಳಚ್ಚು ಆಗಿದೆಯೇ, ಆಕೆಗೆ ಜ್ವರ ಬಂದ ದಿನ ಮಕ್ಕಳ ಗತಿಯೇನು, ಹಿತ್ತಲಲ್ಲಿ ಈಜುಕೊಳವಿದ್ದರೆ ಅದಕ್ಕೆ ಬೇಲಿಯುಂಟೆ? ಕನ್ನಡದಲ್ಲಿ ಕೇಳಲು ಸಂಕೋಚವಾದರೆ ಇಂಗ್ಲಿಷಿನಲ್ಲಿ ಕೇಳಲಿ.

ನಮ್ಮ ನಾಡಿನ ಮಾತು ಬೇರೆಯಾದರೂ ದೂರದ್ದಲ್ಲ. ಹೆರಿಗೆಯ ಸೌಲಭ್ಯಗಳ ಕಾನೂನಿಗೆ ೨೦೧೭ರಲ್ಲಿ ಆದ ತಿದ್ದುಪಡಿಯು, ೫೦ ಅಥವಾ ಹೆಚ್ಚು ಮಂದಿ ಕೆಲಸಮಾಡುವ ಸಂಸ್ಥೆಗಳು ಶಿಶುಗೃಹವನ್ನು ಒದಗಿಸಬೇಕೆಂದೂ, ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದೆಂದೂ ವಿಧಿಸಿತು. ಹಳ್ಳಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ಸರಕಾರವು ೨೦೨೩ರಲ್ಲಿ ‘ಕೂಸಿನ ಮನೆ’ ಎಂಬ ಯೋಜನೆಯನ್ನು ಪ್ರಕಟಿಸಿತು. ಹೆಸರು ಬಹು ಸೊಗಸಾಗಿದೆ. ಬೆಂಗಳೂರಿನಲ್ಲಿ ಮೊಮ್ಮಕ್ಕಳನ್ನು ಬಿಡುವವರು ಕ್ಯಾಲಿಫೋರ್ನಿಯಾದ ನಿಯಮಪುಸ್ತಕವನ್ನು ತೆರೆಯಬೇಕಾದುದಿಲ್ಲವಾದರೂ, ತಲೆಗಳನ್ನು ಎಣಿಸುವುದಕ್ಕೂ ಹೇಳದೆ ಹೋಗುವುದಕ್ಕೂ ನೆಲದ ಮೇಲೆ ಕುಳಿತು ನೋಡುವುದಕ್ಕೂ ಯಾರ ಅಪ್ಪಣೆಯೂ ಬೇಡ.

ನಮ್ಮ ಮೊಮ್ಮಗಳು ಸೇರಿದುದು ಆ ಸವೆದ ನೆಲಹಾಸಿನ ಗೃಹಕ್ಕೆ. ಅದು ಮನೆಗೆ ಐದು ಮೈಲಿ ದೂರ, ಮೀನಿನ ತೊಟ್ಟಿಯ ಗೃಹ ಎರಡೇ ಬೀದಿಯಾಚೆ. ಮಗನಿಗೆ ದಿನವೂ ನಲವತ್ತು ನಿಮಿಷದ ನಷ್ಟ. ಮೊದಲನೆಯ ವಾರ ಸೊಸೆ ಜೊತೆಯಲ್ಲಿ ಕುಳಿತಳು, ಎರಡನೆಯ ವಾರ ಅರ್ಧ ದಿನ ಬಿಟ್ಟಳು, ಮೂರನೆಯ ವಾರದಿಂದ ಪೂರ್ಣ ದಿನ. ಬಿಡುವಾಗಲೂ ಕರೆದುಕೊಳ್ಳುವಾಗಲೂ ಪೂರ್ಣ ಹೆಸರಿನ ರುಜು ಹಾಕಬೇಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದ ನಮಗೆ, ಗುರುತಿನ ಚೀಟಿ ತೋರಿಸಿದರೂ, ಒಂದು ದಿನ ಆಕೆ ಕೂಸನ್ನು ಕೊಡಲಿಲ್ಲ. ಮಗನಿಗೆ ದೂರವಾಣಿ ಮಾಡಿಸಿ, ಅವನೇ ಬರುವವರೆಗೆ ಅರ್ಧ ಗಂಟೆ ಕಾಯಿಸಿದಳು. ನಮಗೆ ಆ ಗೃಹದ ಮೇಲೆ ನಂಬಿಕೆ ಗಟ್ಟಿಯಾದುದು ಆ ಅರ್ಧ ಗಂಟೆಯಲ್ಲಿ.

ದೂರಬೇಕಾದ ಸಂದರ್ಭ ಬಂದರೆ ಮೊದಲು ವ್ಯವಸ್ಥಾಪಕರಿಗೆ ಬರೆದು ತಿಳಿಸುವುದು. ಅಪಾಯದ ವಿಷಯವಾದರೆ ಅದಕ್ಕೂ ಕಾಯದೆ ಇಲಾಖೆಗೆ ತಿಳಿಸುವುದು. ದೂರು ಬಂದ ಹತ್ತು ದಿನಗಳೊಳಗೆ ತನಿಖೆಗೆ ಬರಬೇಕೆಂದು ಅಲ್ಲಿಯ ಕಾನೂನು. ದೂರಿದವರ ಹೆಸರನ್ನು ಹೊರಗೆಡಹುವುದಿಲ್ಲ.

ಕಡೆಯದಾಗಿ ಒಂದು ಸಣ್ಣ ಕೆಲಸ. ಕೂಸು ಮನೆಯಲ್ಲಿ ಕೇಳುವ ಮಾತುಗಳನ್ನು ಅವರ ಲಿಪಿಯಲ್ಲಿ ಬರೆದು ಶಿಕ್ಷಕಿಗೆ ಕೊಡಬೇಕು. ನಾವು ಕೊಟ್ಟ ಚೀಟಿಯಲ್ಲಿ ಹತ್ತು ಮಾತುಗಳಿದ್ದವು: ಅಮ್ಮ, ನೀರು, ಹಾಲು, ಮಮ್ಮು, ತಾಚಿ, ಬಾ, ಸಾಕು, ನೋವು, ಹೊರಗೆ, ಪುಟ್ಟಿ. ಆಕೆ ಅದನ್ನು ತೊಟ್ಟಿಲಿನ ಮೇಲ್ಗಡೆಯ ಗೋಡೆಗೆ ಅಂಟಿಸಿ, ‘ತಾಚಿ’ ಎಂಬುದನ್ನು ಮೂರು ಸಲ ನಮ್ಮಿಂದ ಹೇಳಿಸಿ ತಿದ್ದಿಕೊಂಡಳು.